ಈ ಆಟಕ್ಕೆ ಮಾತ್ರ

ಅಕ್ಕ ಏಳುವ ಮೊದಲೇ ಮುಗಿಸಿಬಿಡಬೇಕೆಂದು ಅವನು ಟೀವಿಯ ಶಬ್ದವನ್ನು ಪೂರ್ತಿ ತಗ್ಗಿಸಿ, ಪರದೆಯ ಎದುರು ಕುಕ್ಕರುಗಾಲಿನಲ್ಲಿ ಕೂತು, ಹಳೆಯ ಆಟಗಳ ಡಬ್ಬಿಯನ್ನು ಚಾಲೂ ಮಾಡಿದ. ಡಬ್ಬಿಯೆಂದರೆ ಅಂಗೈಯಗಲದ ಒಂದು ಕಂಪ್ಯೂಟರು. ಒಂದು ಕಾಲಕ್ಕೆ ಆಳೆತ್ತರದ ಮರದ ಪೆಟ್ಟಿಗೆಗಳಲ್ಲಿದ್ದ ಆಟಗಳೆಲ್ಲ ಈಗ ಅದರ ಹೊಟ್ಟೆಯೊಳಗಿದ್ದವು. ಎಮ್ಯುಲೇಟರ್ ಎಂಬ ಪ್ರೋಗ್ರಾಮು ತಾನೇ ಆ ಹಳೆಯ ಯಂತ್ರವೆಂದು ಆಟಗಳನ್ನು ನಂಬಿಸಿ ಆಡಿಸುತ್ತಿತ್ತು. ಆದರೆ ಎಲ್ಲ ಆಟಗಳೂ ಒಂದೇ ಸುಳ್ಳಿಗೆ ಮರುಳಾಗುವುದಿಲ್ಲ. ದೋಣಿಯ ಆಟಕ್ಕೆ ಪರದೆ ಉದ್ದುದ್ದ ನಿಲ್ಲಬೇಕು, ಗಿರಣಿಯ ಆಟಕ್ಕೆ ಬೇರೆಯದೇ ಎಮ್ಯುಲೇಟರ್ ಹಚ್ಚದಿದ್ದರೆ ಬಣ್ಣವೆಲ್ಲ ರಾಡಿ, ರೈಲಿನ ಆಟದಲ್ಲಿ ಗುಂಡಿಗಳು ಅದಲುಬದಲು. ಒಂದೊಂದನ್ನೂ ಬೇರೆಬೇರೆಯಾಗಿ ಓಲೈಸಿ, ಅದರದರ ಆಯ್ಕೆಗಳನ್ನು ಅದರದರ ಹೆಸರಿನಲ್ಲಿ ಉಳಿಸಿಡುವುದರಲ್ಲಿ ಅವನ ಎಷ್ಟೋ ರಜಾದಿನಗಳು ಹೋಗಿದ್ದವು. ಅವನಿಗೆ ಅದು ಬೇಸರವೆನಿಸಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ನೋಡುವವನು ಅವನು. ಒಂದೇ ಮುಖದ ಎರಡು ಕಣ್ಣಿಗೂ ಎರಡು ನಂಬರು ಎಂಬುದು ಅವನ ಅನ್ನದ ಪಾಠ.

ಅಕ್ಕ ದಿನಾ ಆಡುವುದು ಬಾವಲಿಯ ಆಟ. ನಿಜವಾದ ಹೆಸರು ಏನೋ ಇತ್ತು, ಹಿಂದೆ ಅಪ್ಪನ ವಿಡಿಯೋ ಗೇಮಿನ ಅಂಗಡಿಗೆ ಬರುತ್ತಿದ್ದ ಹುಡುಗರು ಇಟ್ಟ ಹೆಸರೇ ಉಳಿಯಿತು. ಚಾವಣಿಯಿಂದ ಬಾವಲಿಗಳು ಇಳಿಯುತ್ತವೆ, ಕೆಳಗೆ ಒಬ್ಬ ಕಾವಲುಗಾರ ದೀಪ ಹಿಡಿದು ಎಡಕ್ಕೂ ಬಲಕ್ಕೂ ಓಡಬೇಕು, ಬೆಳಕು ಬಿದ್ದರೆ ಬಾವಲಿ ಹೋಯಿತು, ಬೀಳದಿದ್ದರೆ ಕಾವಲುಗಾರ ಹೋದ. ಒಂದು ಪರದೆಯ ಬಾವಲಿಗಳೆಲ್ಲ ಮುಗಿದರೆ ಇನ್ನೂ ಕಷ್ಟದ ಮುಂದಿನ ಪರದೆ. ಹಾಡಿಲ್ಲ, ಬರೇ ರೆಕ್ಕೆಯ ಪಟಪಟ. ಅಕ್ಕನಿಗಾಗಿ ಅವನು ಆ ಆಟದಲ್ಲಿ ಮೊದಲು ಬದಲಿಸಿದ್ದು ಜಾಯ್‌ಸ್ಟಿಕ್ಕಿನ ಸೂಕ್ಷ್ಮತೆಯನ್ನು. ಕೋಲು ಸ್ವಲ್ಪ ಅಲುಗಿದರೆ ಯಂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಜೋರಾಗಿ ತಳ್ಳಿದರೆ ಮಾತ್ರ ತೆಗೆದುಕೊಳ್ಳಬೇಕು, ಹಾಗೆ. ಅದನ್ನು ಅವಳಿಗೆ ಹೇಳಿಯೇ ಮಾಡಿದ್ದ, ಅವಳೂ ಒಪ್ಪಿದ್ದಳು. "ನಡುಕ ಏನು ನಂದಾ? ಕಾಯಿಲೇದು. ಅದನ್ಯಾಕೆ ನನ್ನ ಖಾತೆಗೆ ಹಾಕ್ಬೇಕು," ಎಂದು ನಕ್ಕಿದ್ದಳು. ಹೇಳದೆ ಮಾಡಿದ್ದು ಎರಡನೆಯದನ್ನು. ಒಂದು ಸಂಜೆ ಅವಳು ಮೊದಲನೆಯ ಪರದೆಯಲ್ಲೇ ಸತ್ತು, ಮತ್ತೆ ಸತ್ತು, ಮತ್ತೆ ಸತ್ತು, ಜಾಯ್‌ಸ್ಟಿಕ್ಕಿನ ಹಲಗೆಯನ್ನು ತೊಡೆಯಿಂದ ಪಕ್ಕಕ್ಕೆ ಸರಿಸಿ, "ಇನ್ನು ಇದೂ ಇಲ್ಲ," ಎಂದಿದ್ದಳು. ಅಳಲಿಲ್ಲ. ಅತ್ತಿದ್ದರೆ ಅವನು ಏನಾದರೂ ಸಮಾಧಾನ ಹೇಳಿ ಪಾರಾಗುತ್ತಿದ್ದ. ಆ ಸುಮ್ಮನಿರುವಿಕೆ ಮನೆಯ ತುಂಬ ಹಬ್ಬಿ, ಊಟ ಮಾಡುವಾಗ ತಟ್ಟೆಯ ಸದ್ದೂ ತಪ್ಪಿನಂತೆ ಕೇಳಿಸಿತು. ಮಾರನೆಯ ಬೆಳಿಗ್ಗೆ ಅವನು ಬಾವಲಿಯ ಆಟದ ಆಯ್ಕೆಗಳಿಗೆ ಹೋಗಿ ವೇಗವನ್ನು ಒಂದು ಚೂರು ಇಳಿಸಿದ. ಒಂದೇ ಚೂರು. ಸಂಜೆ ಅವಳು ಮೊದಲನೆಯ ಪರದೆ ದಾಟಿದಳು. ಅದೇ ವಾರ ಹೊಸ ಮಾತ್ರೆ ಶುರುವಾಗಿತ್ತು. ಕೀರ್ತಿಯೆಲ್ಲ ಮಾತ್ರೆಗೆ ಹೋಯಿತು. ಹೋಗಲಿ ಬಿಡು ಎಂದುಕೊಂಡ. ಆಮೇಲೆ ಅವಳ ಕೈಯ ಹಿಡಿತ ಇಳಿದ ಹಾಗೆಲ್ಲ ಅವನು ವೇಗವನ್ನೂ ಇಳಿಸುತ್ತ ಬಂದ. ಕೈಗಿಂತ ಒಂದು ಹೆಜ್ಜೆ ಮುಂದಾಗಿಯೇ ಇಳಿಸುತ್ತ ಬಂದದ್ದರಿಂದ ಅವಳು ಪರದೆಯಿಂದ ಪರದೆಗೆ ಏರುತ್ತಲೇ ಇದ್ದಳು.

ಇವತ್ತು ಆಸ್ಪತ್ರೆಗೆ ಹೋಗುವ ದಿನ. ನಗುನಗುತ್ತ ಹೊರಡಲಿ ಎಂದು ಅವನು ಇನ್ನೊಂದು ಚೂರು ಇಳಿಸಿದ. ಆಯ್ಕೆಗಳ ಕೊನೆಯಲ್ಲಿ ಎರಡು ಸಾಲು, ಒಂದರ ಕೆಳಗೊಂದು: ಈ ಆಟಕ್ಕೆ ಮಾತ್ರ ಉಳಿಸು, ಎಲ್ಲ ಆಟಗಳಿಗೂ ಉಳಿಸು. ಅಷ್ಟರಲ್ಲಿ ಒಳಗಿನಿಂದ ಅಕ್ಕನ ವಾಕರಿನ ಟಕ್, ಅದರ ಹಿಂದೆ ಚಪ್ಪಲಿ ಎಳೆಯುವ ಸದ್ದು, ಮತ್ತೆ ಟಕ್. ಅವನು ಗಡಿಬಿಡಿಯಿಂದ ಗುಂಡಿ ಒತ್ತಿ, ಬಾವಲಿಯ ಮೊದಲ ಪರದೆಗೆ ಬಂದು, ಕಿಸೆಯಿಂದ ಕರವಸ್ತ್ರ ತೆಗೆದು ಟೀವಿಯ ಗಾಜು ಒರೆಸತೊಡಗಿದ.

"ಏನೋ ಅದು, ಎದ್ದಕೂಡಲೇ ಆಟ?"

"ಧೂಳಿತ್ತು, ಒರೆಸ್ತಿದ್ದೆ."

"ಹೇಗೂ ಹಾಕಿದೀಯಲ್ಲ, ಒಂದೇ ಒಂದು ಆಡಿಬಿಡ್ತೀನಿ. ಡಾಕ್ಟ್ರಿಗೆ ಹೇಳೋಕೆ ಬರುತ್ತೆ."

ಅವಳು ನಾಲ್ಕನೆಯ ಪರದೆ ದಾಟಿದಳು. ನಾಲ್ಕನೆಯದು! ಎಂದು ತಾನೇ ಕೂಗಿಕೊಂಡು ಅವನ ಕಡೆ ತಿರುಗಿದಾಗ ಅವಳ ಮುಖದಲ್ಲಿ ಅವನು ಬಹಳ ವರ್ಷಗಳಿಂದ ನೋಡಿರದ ಒಂದು ಗರ್ವವಿತ್ತು. ವಿಡಿಯೋ ಗೇಮಿನ ಅಂಗಡಿಯಲ್ಲಿ, ಬಾಗಿಲು ತೆರೆಯುವ ಮೊದಲು, ಒಂದೊಂದು ಯಂತ್ರವನ್ನೂ ತಾನೇ ಒಂದು ಸುತ್ತು ಆಡಿ ಪರೀಕ್ಷಿಸಿ, "ಇದು ಸರಿಯಿದೆ, ಇದರ ಎಡಗುಂಡಿ ಅಂಟ್ತಿದೆ," ಎನ್ನುತ್ತ ಸಾಲಿನುದ್ದಕ್ಕೂ ಹೋಗುವಾಗ ಇರುತ್ತಿದ್ದ ಗರ್ವ. ಅಪ್ಪ ಹೋದ ಮೇಲೆ ಅಂಗಡಿ ಅವಳ ತಲೆಗೆ ಬಿದ್ದಿತ್ತು. ಇಷ್ಟು ಪಡ್ಡೆ ಹುಡುಗರ ನಡುವೆ ಒಂದು ಹೆಣ್ಣುಮಗಳೇ ಎಂದವರ ಬಾಯಿ ಮುಚ್ಚಿಸಿದ್ದು ಬಾವಲಿಯಲ್ಲಿ ಅವಳು ಮಾಡಿಟ್ಟ ಅಂಕ. ಅದನ್ನು ಯಾವ ಪಡ್ಡೆಯೂ ಮುರಿಯಲಾಗಲಿಲ್ಲ. ಅವನು ಶಾಲೆಯ ಚೀಲ ಹೊತ್ತು ಬಂದು ಅವಳ ಸ್ಟೂಲಿನ ಪಕ್ಕ ಮನೆಲೆಕ್ಕ ಮಾಡುತ್ತಿದ್ದ. ತಲೆಯೆತ್ತಿದರೆ ಅವಳ ಕೈ ಕಾಣುತ್ತಿತ್ತು. ಬೆರಳುಗಳು ಕೋಲನ್ನು ಹಿಡಿಯುತ್ತಿರಲಿಲ್ಲ, ಅದಕ್ಕೆ ಒರಗಿಕೊಂಡಂತೆ ಇರುತ್ತಿದ್ದವು. ಈಗ ಅದೇ ಕೈಯನ್ನು ಅವನು ರವಿಕೆಯ ತೋಳಿಗೆ ತೂರಿಸಬೇಕಾದಾಗ ಅದು ಅವನ ಮುಷ್ಟಿಯೊಳಗೆ ತನ್ನಷ್ಟಕ್ಕೆ ತಾನು ಬಡಿದುಕೊಳ್ಳುತ್ತಿತ್ತು. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಯಾರೋ ಎದ್ದು ಜಾಗ ಕೊಟ್ಟರು. ಕೊಟ್ಟವರು ಆ ಕೈಯನ್ನೇ ನೋಡುತ್ತ ನಿಂತರು. ಅಕ್ಕ ಇನ್ನೊಂದು ಕೈಯಿಂದ ಅದನ್ನು ಮುಚ್ಚಿಕೊಂಡಳು. ಅವನು ಕಿಟಕಿಯ ಹೊರಗೆ ನೋಡಿದ.

ಡಾಕ್ಟರು ಒಳ್ಳೆಯವರು, ಅದೇ ತೊಂದರೆ. ಕಟುಕರಾಗಿದ್ದರೆ ಅವರನ್ನು ಬೈದುಕೊಂಡಾದರೂ ಇರಬಹುದಿತ್ತು. ಅಕ್ಕನ ಕೈಯಿಂದ ಹೆಬ್ಬೆರಳಿಗೆ ತೋರುಬೆರಳು ಬಡಿಸಿದರು, ಹಾಳೆಯ ಮೇಲೆ ಸುರುಳಿ ಬರೆಸಿದರು, ಎದ್ದು ಬಾಗಿಲವರೆಗೆ ನಡೆಸಿದರು. ಆಮೇಲೆ ಹಾಳೆಯನ್ನು ಪಕ್ಕಕ್ಕಿಟ್ಟು, "ಇಲ್ಲಿ ನಾನು ನೋಡೋದೇನೂ ದೊಡ್ಡದಲ್ಲಮ್ಮ. ಮಾತ್ರೆ ತಗೊಂಡು ಬಂದಿರ್ತೀರಿ, ಕೈ ಸ್ವಲ್ಪ ಸುಮ್ಮನಿರುತ್ತೆ. ಮನೇಲಿ ಹೇಗಿದೆ, ಅದು ಹೇಳಿ," ಎಂದರು.

"ನಾಲ್ಕನೇ ಪರದೆ ದಾಟಿದೆ ಡಾಕ್ಟ್ರೇ."

"ಅಂದ್ರೆ?"

ಅಕ್ಕ ವಿವರಿಸಿದಳು. ಬಾವಲಿ, ಕಾವಲುಗಾರ, ದೀಪ, ಎಲ್ಲ. ಡಾಕ್ಟರು ಕನ್ನಡಕ ತೆಗೆದು ಕೇಳಿಸಿಕೊಂಡರು. "ನೀವು ನಗಬೇಡಿ," ಎಂದಳು ಅಕ್ಕ. "ಅರ್ಧ ಆಯಸ್ಸು ಆ ಆಟದ ಜೊತೆ ಬಾಳಿದೀನಿ ನಾನು. ಮನುಷ್ಯರಾದ್ರೆ ಅಯ್ಯೋ ಪಾಪ ಅಂತ ಸ್ವಲ್ಪ ಬಿಟ್ಟುಕೊಡ್ತಾರೆ. ಅದು ಕೊಡಲ್ಲ. ಈ ಮಾತ್ರೆಗೆ ಮೊದಲು ಮೊದಲನೇ ಪರದೇಲೇ ಸಾಯ್ತಿದ್ದೆ. ಈಗ ನಾಲ್ಕು. ನೀವು ಬೆರಳು ಬಡಿ ಅಂದ್ರೆ ನಾನು ನಿಮ್ಮ ಮುಖ ನೋಡ್ಕೊಂಡು, ನಿಮಗೆ ಖುಷಿಯಾಗೋ ಹಾಗೆ ಬಡಿದೇನು. ಅಲ್ಲಿ ನಡಿಯಲ್ಲ ಅದು."

ಡಾಕ್ಟರು ನಗಲಿಲ್ಲ. ಅವನ ಕಡೆ ತಿರುಗಿದರು. "ಹೌದಾ? ನೀವೂ ನೋಡಿದೀರಾ?"

ಗೋಡೆಯ ಮೇಲೆ ಮನುಷ್ಯನ ಮಿದುಳಿನ ಚಿತ್ರವಿತ್ತು, ಒಂದೊಂದು ಭಾಗಕ್ಕೂ ಒಂದೊಂದು ಬಣ್ಣ, ಯಾವ ಭಾಗ ಕೆಟ್ಟರೆ ಏನು ನಿಲ್ಲುತ್ತದೆಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅಕ್ಕ ಅವನನ್ನೇ ನೋಡುತ್ತಿದ್ದಳು, ಸಾಕ್ಷಿ ಹೇಳು ಎಂಬಂತೆ.

"ಹೌದು," ಎಂದ. "ನಾನೂ ನೋಡ್ದೆ."

ಸುಳ್ಳಲ್ಲವಲ್ಲ. ನೋಡಿದ್ದ. ಅವನು ಆ ಮಾತನ್ನು ಹೊರಳಿಸಿ ಮಗುಚಿ ನೋಡುತ್ತಿದ್ದಂತೆ ಡಾಕ್ಟರು ಹೇಳತೊಡಗಿದ್ದರು: ಹಾಗಾದರೆ ಈ ಮಾತ್ರೆ ಹಿಡಿದಿದೆ. ಇದು ಹಿಡಿದಿರುವಾಗ ತಲೆಯಲ್ಲಿ ತಂತಿ ಇಡುವ ಆ ಆಪರೇಷನ್ನಿಗೆ ಅವಸರ ಮಾಡುವುದು ಬೇಡ. ಮುಂದಿನ ತಿಂಗಳ ಸರದಿಯಲ್ಲಿ ನಿಮ್ಮ ಹೆಸರಿದೆ, ನಿಜ, ಆದರೆ ಹಿಂದೆ ಕಾಯುತ್ತಿರುವವರ ಸ್ಥಿತಿ ಇನ್ನೂ ಕೆಟ್ಟದಾಗಿದೆ. ಆ ಜಾಗ ಅವರಿಗೆ ಬಿಡೋಣವೇ? ಹೋದ ಸಲ ಇದೇ ಕುರ್ಚಿಯಲ್ಲಿ ಕೂತು ಇದೇ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು, ಕಾಯಿಲೆ ಒಂದು ಹಂತ ದಾಟಿದರೆ ಆ ಆಪರೇಷನ್ನೂ ಕೆಲಸಕ್ಕೆ ಬರುವುದಿಲ್ಲ, ಮಾಡುವುದಾದರೆ ಹೊತ್ತು ಮೀರುವ ಮೊದಲೇ ಮಾಡಬೇಕು ಎಂದು. ಅವನಿಗೆ ಅದು ಅಕ್ಷರಕ್ಷರ ನೆನಪಿತ್ತು. ಅಕ್ಕನಿಗೆ ನೆನಪಿದ್ದದ್ದು ಬೇರೆ: ಬುರುಡೆ ಕೊರೆಯುವಾಗ ಎಚ್ಚರವಾಗಿರಬೇಕು, ಡಾಕ್ಟರು ಕೇಳಿದ್ದಕ್ಕೆ ಉತ್ತರ ಕೊಡುತ್ತಿರಬೇಕು ಎಂಬುದು. "ಬಿಟ್ಬಿಡಿ ಡಾಕ್ಟ್ರೇ, ಬಿಟ್ಬಿಡಿ. ಯಾರಿಗೆ ಬೇಕೋ ಅವರಿಗೆ ಕೊಡಿ," ಎಂದು ಅವಳು ಎರಡೂ ಕೈ ಎತ್ತಿ ಮುಗಿದಳು. ಒಂದು ಕೈ ಇನ್ನೊಂದಕ್ಕೆ ಸರಿಯಾಗಿ ಸೇರಲಿಲ್ಲ. ಆಗ, ಅದೇ ಗಳಿಗೆಯಲ್ಲಿ, ಅವನಿಗೆ ಮೈ ಹಗುರಾಯಿತು. ಅದನ್ನು ಅವನು ಸ್ಪಷ್ಟವಾಗಿ ಗುರುತಿಸಿದ. ರಜೆ ಕೇಳಲು ಮಾಲೀಕರ ಮುಂದೆ ನಿಲ್ಲಬೇಕಿಲ್ಲ. ಏನಾದರೂ ಆದರೆ ನಮ್ಮ ಹೊಣೆಯಲ್ಲ ಎಂದು ಅಚ್ಚಾಗಿರುವ ಹಾಳೆಯ ಕೆಳಗೆ ಸಹಿ ಹಾಕಬೇಕಿಲ್ಲ. ಬೋಳಿಸಿದ ತಲೆಯ ಅಕ್ಕನನ್ನು ತಿಂಗಳುಗಟ್ಟಲೆ ಬಚ್ಚಲಿಗೆ ಎತ್ತಿಕೊಂಡು ಹೋಗಬೇಕಿಲ್ಲ. ಅವಳ ಸುಖಕ್ಕೆಂದು ಇಳಿಸಿದ್ದು ಎಂದುಕೊಂಡಿದ್ದ ವೇಗದ ಅಡಿಯಲ್ಲಿ ಈ ಹಗುರು ಮೊದಲಿನಿಂದಲೂ ಕಾದು ಕೂತಿತ್ತೇನೋ ಎಂದು ಅನ್ನಿಸಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಡಾಕ್ಟರು ಏನೋ ಬರೆದರು. ಅವನು ವಾಕರು ಎತ್ತಿಕೊಂಡ.

ಅಕ್ಕನನ್ನು ಮನೆಗೆ ಬಿಟ್ಟು ಅವನು ಕನ್ನಡಕದ ಅಂಗಡಿಗೆ ಹೋದ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಡಾಕ್ಟರಿಗೆ ಫೋನು ಮಾಡಿದ. ನಾಳೆ ಮಾಡುತ್ತೇನೆ, ಅಕ್ಕನಿಗೆ ಗೊತ್ತಾಗದ ಹಾಗೆ. ಸಾರ್, ಒಂದು ಸಣ್ಣ ವಿಷಯ. ಸಣ್ಣ ಎಂದರೆ ಎಷ್ಟು ಸಣ್ಣ? ಸಾರ್, ನೀವು ಏನೂ ತಿಳ್ಕೋಬಾರದು. ಪ್ರತಿಸಲವೂ ಆ ಒಳ್ಳೆಯ ಮುಖ ಕನ್ನಡಕ ತೆಗೆದು ಕೇಳಿಸಿಕೊಳ್ಳುವುದು ಕಂಡು ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅಂಗಡಿಯಲ್ಲಿ ಮಾಲೀಕರ ಮೇಜಿನ ಮುಂದೆ ಒಬ್ಬ ಟೀಚರಮ್ಮ ಕೂತಿದ್ದರು. ಮಾಲೀಕರು ಅವನನ್ನು ಕಂಡದ್ದೇ, "ಬನ್ನಿ ಬನ್ನಿ, ನಿಮ್ಮದೇ ದಾರಿ ನೋಡ್ತಿದ್ವಿ," ಎಂದರು. ಗಿರಾಕಿಯ ಎದುರಿಗೆ ಅವರು ಬಹುವಚನದಲ್ಲಿ ಕರೆದರೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಟೀಚರಮ್ಮನ ಕನ್ನಡಕದಲ್ಲಿ ಎಡಗಣ್ಣಿನ ಗಾಜು ಬಲಕ್ಕೂ ಬಲದ್ದು ಎಡಕ್ಕೂ ಕೂತಿತ್ತು. ನಂಬರು ಬರೆದುಕೊಟ್ಟವನು ಅವನೇ. ಮಾಲೀಕರು ಬೈಯಲಿಲ್ಲ, ಕನ್ನಡಕವನ್ನು ಬೆಳಕಿಗೆ ಹಿಡಿದು, "ಇವರಿಗೇ ಒಂದು ಕನ್ನಡಕ ಬೇಕೇನೋ," ಎಂದು ಕೆಲಸದ ಹುಡುಗಿಯರ ಕಡೆ ನೋಡಿ ನಕ್ಕರು. ಹುಡುಗಿಯರೂ ನಗಬೇಕಾಗಿ ಬಂತು. ಟೀಚರಮ್ಮ ಮಾತ್ರ ನಗದೆ, ಪಾಪ, ತಾವೇ ತಪ್ಪು ಮಾಡಿದವರ ಹಾಗೆ, "ನಂಗೆ ಇದು ಕನ್ನಡಕದ್ದು ಅಂತ ಹೊಳೀಲೇ ಇಲ್ಲ ಕಣ್ರೀ," ಎಂದರು. "ನನ್ನ ಕಣ್ಣೇ ಹೋಗ್ತಿದೆ ಅಂದ್ಕೊಂಡೆ. ಮಕ್ಕಳ ಪೇಪರು ತಿದ್ದೋಕೆ ಕೂತು ತಲೆ ತಿರುಗಿ, ರಾಜೀನಾಮೆ ಕೊಟ್ಬಿಡ್ಲಾ ಅಂತಾನೂ ಯೋಚನೆ ಮಾಡ್ದೆ." ಅವನು ಅವರ ಎದುರು ತಲೆ ತಗ್ಗಿಸಿ ನಿಂತ. ಕ್ಷಮೆ ಕೇಳಿದ. ಕೇಳುವಾಗ ತಾನು ಯಾರ ಕ್ಷಮೆ ಕೇಳುತ್ತಿದ್ದೇನೆಂದು ಗೊಂದಲವಾಗಿ, ಬೇಕಾದದ್ದಕ್ಕಿಂತ ಹೆಚ್ಚೇ ಕೇಳಿದ. ಟೀಚರಮ್ಮನಿಗೂ ಮುಜುಗರವಾಗಿ, "ಇರ್ಲಿ ಬಿಡ್ರೀ, ಅದಕ್ಕೆ ಇಷ್ಟೊಂದಾ?" ಎಂದರು.

ಸಂಜೆ ಅವನು ಮನೆಗೆ ಬಂದಾಗ ಅಕ್ಕ ತಲೆ ಬಾಚಿಕೊಂಡು, ಒಗೆದಿಟ್ಟ ಸೀರೆ ಸುತ್ತಿಕೊಂಡು ಕೂತಿದ್ದಳು. ಯಾರ ನೆರವೂ ಇಲ್ಲದೆ ಉಟ್ಟದ್ದು. ನೆರಿಗೆಗಳು ಒಂದರ ಮೇಲೊಂದು ಬಿದ್ದಿದ್ದವು. ಚಹಾ ಕೂಡ ಮಾಡಿದ್ದಳು, ಒಲೆಯ ಸುತ್ತ ಅದರ ಅರ್ಧ ಚೆಲ್ಲಿತ್ತು. "ಇವತ್ತು ಬಾವಲಿ ಬೇಡ ಪುಟ್ಟ," ಎಂದಳು. ಅವನ ತಲೆಯಲ್ಲಿ ಕಪ್ಪಿಗಿಂತ ಬಿಳಿ ಹೆಚ್ಚಾಗಿದ್ದರೂ ಅವಳ ಬಾಯಲ್ಲಿ ಅವನಿನ್ನೂ ಪುಟ್ಟ. "ರೈಲು ಹಾಕು. ಕೈ ಸರಿಯಾದ್ಮೇಲೆ ಆಡ್ತೀನಿ ಅಂತ ಮುಟ್ಟದೇ ಬಿಟ್ಟಿದ್ದೆ. ಇವತ್ತು ಮುಹೂರ್ತ ಅಂದ್ಕೋ." ಅವನು ರೈಲಿನ ಆಟ ಹಾಕಿ, ಬೆಳಿಗ್ಗೆ ತಗ್ಗಿಸಿದ್ದ ಶಬ್ದ ಏರಿಸಿ, ಅವಳ ತೊಡೆಯ ಮೇಲೆ ಹಲಗೆಯನ್ನು ಇಟ್ಟು, ಅಡುಗೆಮನೆಯಿಂದ ಚಹಾದ ಲೋಟ ತಂದ. ರೈಲು ಹೊರಡುವ ಮೊದಲು ಒಂದು ಪುಟ್ಟ ರಾಗ ಬರುತ್ತದೆ, ಕುಣಿದಾಡುವ ರಾಗ. ಅಂಗಡಿಯಲ್ಲಿ ಅದು ದಿನಕ್ಕೆ ಎಷ್ಟು ಸಲ ಬರುತ್ತಿತ್ತೋ ಲೆಕ್ಕವಿಲ್ಲ. ಗಾಜು ಒರೆಸುವಾಗ, ಕಸ ಗುಡಿಸುವಾಗ, ಅವನಿಗೆ ಜ್ವರ ಬಂದು ಹಣೆಯ ಮೇಲೆ ಒದ್ದೆಬಟ್ಟೆ ಇಡುವಾಗ, ಅಕ್ಕ ಅದನ್ನೇ ಗುನುಗುತ್ತಿದ್ದಳು. ಈಗ ರಾಗ ಶುರುವಾಯಿತು. ಅಕ್ಕನೂ ಜೊತೆಗೆ ಗುನುಗಲು ಹೋದಳು. ಅವಳ ದನಿ ಒಂದು ಕಡೆ ಹೋಯಿತು, ರಾಗ ಇನ್ನೊಂದು ಕಡೆ. ಅವಳು ನಿಲ್ಲಿಸಿದಳು.

"ಇದೇನೋ ಹೀಗೆ ಹಾಡ್ತಿದೆ?"

ಬೆಳಗಿನ ಎರಡು ಸಾಲುಗಳು ಕಣ್ಣೆದುರು ಬಂದವು. ವಾಕರಿನ ಟಕ್ ಕೇಳಿ ತನ್ನ ಹೆಬ್ಬೆರಳು ಒಂದು ಸಾಲು ಕೆಳಗೆ ಜಾರಿದ್ದು ಈಗ ಅವನಿಗೆ ಕಂಡಷ್ಟು ಚೆನ್ನಾಗಿ ಆಗ ಕಂಡಿರಲಿಲ್ಲ. ಎಲ್ಲ ಆಟಗಳಿಗೂ ಉಳಿಸು. ವೇಗ ಇಳಿದರೆ ದನಿಯೂ ಇಳಿಯುತ್ತದೆ. ರೆಕ್ಕೆಯ ಪಟಪಟದಲ್ಲಿ ಅದು ಯಾರಿಗೂ ತಿಳಿಯದು, ರಾಗದಲ್ಲಿ ಮುಚ್ಚಿಡಲಾಗದು.

"ಹೇಗೆ?" ಎಂದ.

"ಭಾರವಾಗಿ. ಬಾವಿಯೊಳಗಿಂದ ಬಂದ ಹಾಗೆ. ದೋಣಿ ಹಾಕು ನೋಡೋಣ."

ದೋಣಿ ಹಾಕಿದ. ಗಿರಣಿ ಹಾಕಿದ. ಅವಳು ಕತ್ತು ವಾಲಿಸಿ, ಕಣ್ಣು ಮುಚ್ಚಿ, ಒಂದೊಂದನ್ನೂ ಕೇಳಿದಳು. ಅವಳ ಮುಖ ಸಣ್ಣದಾಗುತ್ತ ಹೋಯಿತು.

"ಎಲ್ಲಾನೂ ಹಾಗೇ ಇದೆ. ನಿಂಗೆ ಹೇಗೆ ಕೇಳ್ತಿದೆ?"

ಡಬ್ಬಿ ಕೆಟ್ಟಿದೆ ಎನ್ನಬಹುದಿತ್ತು. ಎಷ್ಟು ಸುಲಭದ ಸುಳ್ಳು ಅದು, ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಆದರೆ ಕೆಟ್ಟಿದೆ ಎಂದರೆ ಎಲ್ಲಿ, ಯಾವಾಗಿನಿಂದ, ಬಾವಲಿಯೂ ಕೆಟ್ಟಿದೆಯೇ ಎಂದು ಅವಳು ಕೇಳುತ್ತಾಳೆ. ಯಂತ್ರಗಳ ವಿಷಯದಲ್ಲಿ ಅವಳ ಕಣ್ಣಿಗೆ ಮಣ್ಣೆರಚಲು ಆಗದು. ಈ ಹೆದರಿಕೆ ಮನಸ್ಸಿನಲ್ಲಿ ಹಾಯುವಷ್ಟರಲ್ಲೇ ಬಾಯಿಂದ ಇನ್ನೊಂದು ಬಂದಿತ್ತು:

"ಸರಿಯಾಗೇ ಇದೆಯಲ್ಲಕ್ಕ. ಎಂದಿನ ಹಾಗೇ."

ಪರದೆಯ ಮೇಲೆ ಗಿರಣಿಯ ಚಕ್ರ ತಿರುಗುತ್ತಿತ್ತು. "ಹಾಗಾದ್ರೆ ನನ್ನ ಕಿವೀನೇ," ಎಂದಳು ಮೆಲ್ಲಗೆ. "ಕೈಯಿಂದ ಬಿಟ್ಟು ಕಿವಿಗೆ ಬಂತು." ಸೀರೆಯ ಸೆರಗಿನಿಂದ ಕಿವಿಯನ್ನು ಒರೆಸಿಕೊಂಡಳು, ಒರೆಸಿದರೆ ಹೋಗುವಂಥದೇನೋ ಎಂಬಂತೆ. ಒರೆಸುವ ಕೈ ಕೆನ್ನೆಗೆ, ಕತ್ತಿಗೆ ತಾಗಿ ಸೆರಗು ಜಾರಿತು. ಅವನು ಅಲ್ಲೇ ನಿಂತಿದ್ದ, ಕೈಯಲ್ಲಿ ಚಹಾದ ಲೋಟ. ಹೇಳು, ಈಗ ಹೇಳು, ಎಂದು ಒಳಗೆ ಯಾರೋ ನೂಕುತ್ತಿದ್ದರು. ಆಗ ಅಕ್ಕ ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಏನಾದ್ರೂ ಮಾತಾಡು."

"ಏನ್ ಮಾತಾಡ್ಲಿ?"

"ಏನಾದ್ರೂ ಸರಿ. ನಿನ್ನ ದನಿ ಹೇಗೆ ಕೇಳುತ್ತೆ ನೋಡ್ತೀನಿ. ಅದೂ ಬಾವಿಗೆ ಬಿದ್ದಿದೆಯೋ ಏನೋ."

"ಅಕ್ಕ," ಎಂದ.

"ಹಾಂ, ಮಾತಾಡು."

"ನಾನು ಬೆಳಿಗ್ಗೆ ಧೂಳು ಒರೆಸ್ತಿರ್ಲಿಲ್ಲ. ವೇಗ ಕಡಿಮೆ ಮಾಡ್ತಿದ್ದೆ. ಬಾವಲೀದು. ಅದಕ್ಕೊಂದಕ್ಕೇ ಮಾಡೋಕೆ ಹೋಗಿ ಎಲ್ಲದಕ್ಕೂ ಆಗ್ಬಿಟ್ಟಿದೆ."

"ಸದ್ಯ, ನಿನ್ನ ದನಿ ನೆಟ್ಟಗಿದೆ," ಎಂದಳು ಅಕ್ಕ, ನಿಜವಾಗಿಯೂ ಸಮಾಧಾನದಿಂದ. ಆಮೇಲೆ ಕಣ್ಣು ತೆರೆದಳು. "ಏನಂದೆ?"

ಅವನು ಮತ್ತೆ ಹೇಳಿದ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು, ಏಕೆಂದರೆ ಈ ಸಲ ಅವಳು ಮಾತನ್ನು ಕೇಳುತ್ತಿದ್ದಳು. ಮೊದಲಿಗೆ ಅವಳು ನಕ್ಕುಬಿಟ್ಟಳು. ಕಿವಿ ಕೆಟ್ಟಿಲ್ಲ! "ಥೂ ನಿನ್ನ, ಜೀವ ಬಾಯಿಗೆ ಬಂದಿತ್ತಲ್ಲೋ," ಎಂದು ಹಲಗೆಯ ಮೇಲೆ ಬಡಿದಳು. ಆ ನಗುವಿನಲ್ಲೇ ಮುಗಿದುಹೋಗಲಿ ಎಂದು ಅವನೂ ಹಲ್ಲು ಬಿಟ್ಟ. ಆದರೆ ಅವಳ ನಗು ತನ್ನಷ್ಟಕ್ಕೇ ಇಳಿದು ನಿಂತಿತು, ಮುಖದಲ್ಲಿ ಏನೋ ಒಂದೊಂದಾಗಿ ಸೇರಿಕೊಳ್ಳತೊಡಗಿತು.

"ಬಾವಲೀದು ಯಾವತ್ತಿಂದ?"

"ಮಾತ್ರೆ ಶುರುವಾದಾಗ್ಲಿಂದ."

"ಮೊದಲನೇ ಪರದೆ ದಾಟಿದ್ದು?"

ಅವನು ಲೋಟವನ್ನು ಟೀವಿಯ ಪಕ್ಕ ಇಟ್ಟ.

"ಎರಡನೇದು? ಮೂರನೇದು? ಮಾತಾಡೋ. ಡಾಕ್ಟ್ರ ಮುಂದೆ ಅಷ್ಟು ಚೆನ್ನಾಗಿ ಮಾತಾಡ್ದೆ, ನಾನೂ ನೋಡ್ದೆ ಅಂತ."

"ನೀನು ಸೋತು ಕೂರೋದು ನೋಡೋಕೆ ಆಗ್ತಿರ್ಲಿಲ್ಲಕ್ಕ," ಎಂದ. ತನ್ನ ದನಿ ಅವನಿಗೇ ಮಗುವಿನದರಂತೆ ಕೇಳಿಸಿ ನಾಚಿಕೆಯಾಯಿತು. ನಾಚಿಕೆಯಿಂದ ಸಿಟ್ಟು ಬಂತು. "ನೀನೇನು ಮಾಡ್ತಿರ್ಲಿಲ್ವಾ? ಅಂಗಡೀಲಿ ಆಟದ ಪೆಟ್ಟಿಗೆ ಹಿಂಬಾಗಿಲು ತೆಗೆದು ಆ ಬಿಳಿ ಸ್ವಿಚ್ಚು ಹಾಕಿ ತೆಗೆದು, ಇವತ್ತು ಸುಲಭ, ನಾಳೆ ಕಷ್ಟ ಅಂತ ನೀನೂ ಮಾಡ್ತಿದ್ದೆಯಲ್ಲ."

"ಮಾಡ್ತಿದ್ದೆ. ಆಡೋಕೆ ಬಂದೋರಿಗೆಲ್ಲ ಒಂದೇ ಥರ ಮಾಡ್ತಿದ್ದೆ. ಅವರು ಆಟ ಆಡೋಕೆ ಬರ್ತಿದ್ರು ಕಣೋ. ನಾನು ಇಲ್ಲಿ ಆಟ ಆಡ್ತಿದ್ನಾ?" ಅವಳು ಕೈಯನ್ನು ಎತ್ತಿ ತೋರಿಸಿದಳು. ಅದು ಇಬ್ಬರ ನಡುವೆ ನಡುಗುತ್ತಿತ್ತು. "ಇದು ಎಷ್ಟು ಉಳಿದಿದೆ ಅಂತ ನೋಡ್ಕೊಳ್ತಿದ್ದೆ. ಬೇರೆ ಯಾರನ್ನ ಕೇಳ್ಲಿ? ನಿನ್ನ ಕೇಳಿದ್ರೆ ಚೆನ್ನಾಗಿದೆ ಅಂತೀಯ. ಡಾಕ್ಟ್ರು ನನ್ನ ಕೇಳ್ತಾರೆ. ಇದೊಂದೇ ಇತ್ತು ನಂಗೆ ನಿಜ ಹೇಳೋದು. ಅದಕ್ಕೂ ನೀನು ಸುಳ್ಳು ಕಲಿಸ್ದೆ."

ಅವಳು ಕೂಗಾಡಬಹುದು, ಕೈಗೆ ಸಿಕ್ಕಿದ್ದನ್ನು ಎಸೆಯಬಹುದು ಎಂದು ಅವನು ಕಾದ. ಅವಳು ಹಾಗೇನೂ ಮಾಡದೆ, ಅಂಗಡಿಯಲ್ಲಿ ಯಂತ್ರ ಕೆಟ್ಟಾಗ ಹೇಳುತ್ತಿದ್ದ ದನಿಯಲ್ಲಿ, ಮೊದಲು ವೇಗ ಎಷ್ಟಿರಬೇಕೋ ಅಷ್ಟಕ್ಕೆ ತಾ ಎಂದಳು. ತಂದ. ಬಾವಲಿ ಹಾಕು ಎಂದಳು. ಹಾಕಿದ. ಆಸ್ಪತ್ರೆಗೆ ಫೋನು ಮಾಡು, ನನ್ನ ಜಾಗ ನನಗೇ ಬೇಕು ಅಂತ ಹೇಳು ಎಂದಳು. ಅವನು ಫೋನು ಹಿಡಿದು ಅಡುಗೆಮನೆಗೆ ಹೋದ. ಎಷ್ಟೋ ಹೊತ್ತು ಗಂಟೆ ಬಾರಿಸಿದ ಮೇಲೆ ಕೌಂಟರಿನ ಹೆಂಗಸು ಎತ್ತಿಕೊಂಡಳು. ಆಗಲೇ ಚೀಲ ಹೆಗಲಿಗೇರಿಸಿ ನಿಂತವಳ ದನಿ. ಹುಡುಕಿ ಹೇಳಿದಳು: ಆ ಜಾಗ ಮಧ್ಯಾಹ್ನವೇ ಬೇರೆಯವರಿಗೆ ಹೋಗಿದೆ, ಅವರಿಗೆ ತಿಳಿಸಿಯೂ ಆಗಿದೆ. "ನಿಮ್ಮದು ಸುಧಾರಿಸಿದೆ ಅಂತ ಡಾಕ್ಟ್ರೇ ಬರ್ದಿದಾರಲ್ಲ ಸಾರ್?" ಅವನು ಅದು ತಪ್ಪು ಎಂದ. "ಡಾಕ್ಟ್ರು ತಪ್ಪು ಬರೆದ್ರಾ?" ಇಲ್ಲ, ತಪ್ಪು ನಮ್ಮದು ಎಂದ. ಹಾಗಾದರೆ ಮತ್ತೆ ತೋರಿಸಬೇಕು, ಅವರು ಮತ್ತೆ ಬರೆಯಬೇಕು, ಹೆಸರು ಸಾಲಿನ ಕೊನೆಗೆ ಸೇರುತ್ತದೆ ಎಂದಳು. ಎಷ್ಟು ಕಾಯಬೇಕಾಗುತ್ತದೆ ಎಂದು ಕೇಳಿದ. ಹೇಳಲಾಗದು, ವರ್ಷವಾಗಬಹುದು, ಇನ್ನೂ ಹೆಚ್ಚಾಗಬಹುದು. ಅಷ್ಟು ಹೊತ್ತಿಗೆ ಕಾಯಿಲೆ ಮುಂದೆ ಹೋಗಿದ್ದರೆ? "ಅದನ್ನ ಡಾಕ್ಟ್ರನ್ನೇ ಕೇಳ್ಬೇಕು ಸಾರ್," ಎಂದು ಅವಳು ಮರ್ಯಾದೆಯಿಂದಲೇ ಇಟ್ಟುಬಿಟ್ಟಳು. ಹೊರಗಿನ ಕೋಣೆಯಿಂದ ರೆಕ್ಕೆಗಳ ಸದ್ದು ಬರುತ್ತಿತ್ತು. ತಾನು ಮರೆತೇ ಹೋಗಿದ್ದ ವೇಗದ ಸದ್ದು. ಕಿವಿಗೆ ಅದು ಬೇರೆಯದೇ ಆಟದಂತೆ, ಯಾರೋ ಬಾಗಿಲು ಬಡಿಯುತ್ತಿರುವಂತೆ ಕೇಳಿಸಿತು. ಇನ್ನೂ ಸಿಕ್ಕಿಲ್ಲ, ನಾಳೆ ಮಾಡೋಣ ಎಂದುಬಿಟ್ಟರೆ ಈ ಒಂದು ಸಂಜೆಯಾದರೂ ಕಳೆದೀತು ಎಂದು ಮನಸ್ಸು ಆಗಲೇ ಹೊಸ ದಾರಿ ಹುಡುಕುತ್ತಿರುವುದನ್ನು ಕಂಡು ಅವನಿಗೆ ಅಳು ಬಂತು.

"ಏನಂದ್ರು?" ಎಂದು ಅಕ್ಕ ಕೂಗಿದಳು.

ಅವನು ಬಾಗಿಲಿಗೆ ಬಂದು ನಿಂತ. "ಕೊಟ್ಬಿಟ್ಟಿದಾರೆ ಅಕ್ಕ. ಮತ್ತೆ ಕೊನೇಯಿಂದ ಕಾಯ್ಬೇಕಂತೆ. ವರ್ಷದ ಮೇಲೆ ಆಗ್ಬೋದಂತೆ."

ಅಕ್ಕ ತಿರುಗಲಿಲ್ಲ. ಚಾವಣಿಯಿಂದ ಒಂದು ಬಾವಲಿ ನೇರ ಇಳಿಯಿತು, ಕೋಲು ಅವಳ ಬೆರಳುಗಳ ಸಂದಿನಿಂದ ಜಾರಿತು, ಮೊದಲನೆಯ ಪರದೆಯ ಮೊದಲನೆಯ ಬಾವಲಿಗೇ ಕಾವಲುಗಾರ ಬಿದ್ದ.

"ಬಾ, ಕೂತ್ಕೋ," ಎಂದಳು.

ಅವನು ಮೂಲೆಯ ಕುರ್ಚಿಯ ಕಡೆ ಹೋದ.

"ಅಲ್ಲಲ್ಲ. ಇಲ್ಲಿ, ಪಕ್ಕದಲ್ಲಿ. ನನ್ನ ಕೈ ಕಾಣೋ ಹಾಗೆ."

ಅವನು ಅವಳ ಪಕ್ಕ ನೆಲದ ಮೇಲೆ ಕೂತ. ಅವಳು ಹೊಸದಾಗಿ ಶುರುಮಾಡಲು ಹಲಗೆಯ ಅಂಚಿನ ಸಣ್ಣ ಗುಂಡಿಯನ್ನು ಒತ್ತಲು ಹೋದಳು. ಹೆಬ್ಬೆರಳು ಗುಂಡಿಯ ಸುತ್ತಮುತ್ತ ಬಡಿಯಿತೇ ಹೊರತು ಮೇಲೆ ಕೂರಲಿಲ್ಲ. ಅವಳು ಸ್ವಲ್ಪ ಹೊತ್ತು ಬಿಡದೆ ಯತ್ನಿಸಿ ಕೊನೆಗೆ ಕೈಯನ್ನು ಎತ್ತಿಕೊಂಡಳು.

"ಒತ್ತು," ಎಂದಳು.

ಒತ್ತಿದ. ಕಾವಲುಗಾರ ದೀಪ ಹಿಡಿದು ಬಂದ, ಎಡಕ್ಕೆ ಓಡಬೇಕಾದವನು ನಿಂತಲ್ಲೇ ನಡುಗಿದ, ಬಿದ್ದ. ಒತ್ತು. ಬಂದ, ಬಿದ್ದ. ಅವಳ ಕತ್ತಿನ ನರ ಬಿಗಿದಿತ್ತು, ತುಟಿಯ ಮೇಲೆ ಬೆವರು ಮೂಡಿತ್ತು. ಪ್ರತಿ ಸಲವೂ ಕಾವಲುಗಾರ ಎಲ್ಲಿಗೆ ಹೋಗಬೇಕೆಂದು ಅವಳ ಕಣ್ಣಿಗೆ ಗೊತ್ತಿತ್ತು. ಬಾವಲಿ ಇಳಿಯುವ ಮೊದಲೇ ಕಣ್ಣು ಅಲ್ಲಿರುತ್ತಿತ್ತು. ಕೈ ಮಾತ್ರ ಬರುತ್ತಿರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡ.

"ಕಣ್ಣು ಮುಚ್ಬೇಡ," ಎಂದಳು ಅಕ್ಕ, ಅವನ ಕಡೆ ನೋಡದೆಯೇ. "ನಾನೂ ನೋಡ್ದೆ ಅಂದ್ಯಲ್ಲ. ನೋಡು."

ಅವನು ಕಣ್ಣು ತೆರೆದ.

"ಒತ್ತು."